ಸೋರುವ ಹಳೆಯ ಅಲ್ಯೂಮಿನಿಯಂ ದೋಣಿ: ಬಣ್ಣದ ಡಬ್ಬಿ ತೆರೆಯುವ ಮೊದಲು

ಪ್ರಶ್ನೆ: ಸುಮಾರು 12 ಅಡಿ ಉದ್ದದ, ರಿವೆಟ್ ಹೊಡೆದು ಜೋಡಿಸಿದ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡಿದ್ದೇನೆ. ನೀರಿಗೆ ಇಳಿಸಿ ಅರ್ಧ ಗಂಟೆಯಾಗುವಷ್ಟರಲ್ಲಿ ಪಾದ ಮುಳುಗುವಷ್ಟು ನೀರು ಒಳಗೆ ಬರುತ್ತದೆ. ಹಿಂದಿನ ಮಾಲೀಕರು ಒಳಗೆಲ್ಲ ಸಿಲಿಕೋನ್ ಮೆತ್ತಿದ್ದಾರೆ. ನೆಲಕ್ಕೆ ಕಾರ್ಪೆಟ್ ಅಂಟಿಸಿದ ಪ್ಲೈವುಡ್ ಇದೆ. ಮೋಟಾರು ಕೂರಿಸುವ ಹಿಂಬದಿಯ ಮರವನ್ನು ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ. ನಡುವಿನ ಆಸನದ ಬಳಿ ಪಕ್ಕದ ತಗಡಿನಲ್ಲಿ ಎರಡು ಅಂಗುಲದ ಬಿರುಕು ಕಾಣುತ್ತಿದೆ. ಪರಿಚಯದವರೊಬ್ಬರು ಎಲ್ಲವನ್ನೂ ವೆಲ್ಡಿಂಗ್ ಮಾಡಿಸಲು ಹೇಳುತ್ತಾರೆ. ಇನ್ನೊಬ್ಬರು ಒಳಗೆಲ್ಲ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಬಳಿದು ಬಣ್ಣ ಹೊಡೆದರೆ ಸಾಕು ಎನ್ನುತ್ತಾರೆ. 8 ಅಶ್ವಶಕ್ತಿಯ ಮೋಟಾರು ಹಾಕುವ ಆಸೆಯಿದೆ. ಇದು ದುರಸ್ತಿಗೆ ಯೋಗ್ಯವೇ? ಎಲ್ಲಿಂದ ಆರಂಭಿಸಲಿ?

ಉತ್ತರ: ನೀವು ಬರೆದ ಲಕ್ಷಣಗಳನ್ನು ನೋಡಿದರೆ ದೋಣಿ ಉಳಿಯುತ್ತದೆ ಎಂದೇ ನನಗೆ ಅನ್ನಿಸುತ್ತದೆ. ಆದರೆ ಪರಿಚಯದವರಿಬ್ಬರ ಸಲಹೆಯನ್ನೂ ಸದ್ಯಕ್ಕೆ ಬದಿಗಿಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ನೋಡದೆಯೇ ಇಬ್ಬರೂ ಮದ್ದು ಹೇಳಿದ್ದಾರೆ. ರಿವೆಟ್ ದೋಣಿ ಸೋರುವುದು ಹೆಚ್ಚಾಗಿ ಜೋಡಣೆ ಸಡಿಲವಾಗಿರುವುದರಿಂದ. ಸಡಿಲವಾದದ್ದನ್ನು ಬಿಗಿಯದೆ ಮೇಲಿನಿಂದ ಮೆತ್ತಿದರೆ, ಒಡಲು ಅಲೆಗೆ ಅಲುಗಿದಾಗಲೆಲ್ಲ ಮೆತ್ತಿದ್ದೂ ಬಿರಿಯುತ್ತದೆ. ಹಿಂದಿನ ಮಾಲೀಕರ ಸಿಲಿಕೋನ್ ಸೋತದ್ದು ಹೀಗೆಯೇ. ಎಪಾಕ್ಸಿಯನ್ನೂ ಹಾಗೆಯೇ ಬಳಿದರೆ ಅದಕ್ಕೂ ಅದೇ ಗತಿ, ಸ್ವಲ್ಪ ತಡವಾಗಿ.

ಕೆಲಸಕ್ಕೆ ಇಳಿಯುವ ಮೊದಲು ಈ ಲೋಹದ ಸ್ವಭಾವ ತಿಳಿದಿರಲಿ. ಮುಂದಿನ ಎಲ್ಲ ತೀರ್ಮಾನಗಳೂ ಅದನ್ನೇ ಆಧರಿಸಿವೆ. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕ್ಷಣದಲ್ಲೇ ಆಕ್ಸೈಡಿನ ತೆಳುಪೊರೆಯೊಂದನ್ನು ಹೊದ್ದುಕೊಳ್ಳುತ್ತದೆ. ಗೀಚಿದರೆ ಮತ್ತೆ ಹೊದೆಯುತ್ತದೆ. ನೀರಿನ ಪಿಎಚ್ ಸುಮಾರು 4ರಿಂದ 8.5ರ ನಡುವೆ ಇರುವಾಗ ಈ ಪೊರೆ ಭದ್ರವಾಗಿ ನಿಲ್ಲುತ್ತದೆ. ಬಣ್ಣವೇ ಇಲ್ಲದೆ ದಶಕಗಳ ಕಾಲ ಬಾಳಿದ ದೋಣಿಗಳು ಇರುವುದು ಈ ಕಾರಣಕ್ಕೆ. ಕೇಡು ಬರುವುದು ಮೂರು ದಾರಿಯಲ್ಲಿ: ಒದ್ದೆ ವಸ್ತುವೊಂದು ಮೈಗೆ ಅಂಟಿ ಕೂತು ಗಾಳಿ ತಪ್ಪಿಸಿದಾಗ, ಬೇರೆ ಲೋಹವೊಂದು ಒದ್ದೆಯಲ್ಲಿ ತಾಗಿಕೊಂಡಾಗ, ಇಲ್ಲವೇ ತಗಡು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿದಾಗ. ನಿಮ್ಮ ಪತ್ರದಲ್ಲಿರುವ ಕಾರ್ಪೆಟ್ ಮೊದಲನೆಯದರ ಗುರುತು, ಬಿರುಕು ಮೂರನೆಯದರ ಗುರುತು. ಎರಡನೆಯದು ನೆಲ ಕಿತ್ತ ಮೇಲೆ ಕಾಣಿಸಿಕೊಳ್ಳಬಹುದು.

ಆದ್ದರಿಂದ ಆರಂಭ ನೆಲದಿಂದ. ಕಾರ್ಪೆಟ್, ಪ್ಲೈವುಡ್, ಆಸನದ ಮೇಲ್ಹಲಗೆ, ವೈರು, ಹಳೆಯ ಕ್ಲಾಂಪು ಎಲ್ಲವನ್ನೂ ಹೊರಗೆ ತೆಗೆಯಿರಿ. ತೆಗೆಯುವ ಮುನ್ನ ಪ್ರತಿಯೊಂದರ ಫೋಟೊ ಇರಲಿ. ಕೊಳೆತ ಮರದ ತುಂಡನ್ನೂ ಎಸೆಯಬೇಡಿ, ಹೊಸದನ್ನು ಕೊಯ್ಯಲು ಅದೇ ನಿಮ್ಮ ಅಳತೆ. ಆಸನದ ಪೆಟ್ಟಿಗೆಗಳು ಒಡಲಿನ ಎರಡು ಪಕ್ಕಗಳನ್ನು ಹಿಡಿದಿಡುವ ತೊಲೆಗಳೂ ಹೌದು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಒಡಲು ಹಿಗ್ಗಿ ಆಕಾರ ಬದಲಾಗಬಹುದು. ಒಂದೊಂದಾಗಿ ಬಿಚ್ಚಿ, ಅಥವಾ ಪಕ್ಕದಿಂದ ಪಕ್ಕಕ್ಕೆ ಮರದ ಪಟ್ಟಿ ಕಟ್ಟಿ ಅಗಲವನ್ನು ಹಿಡಿದಿಡಿ.

ನೆಲ ಎದ್ದ ಮೇಲೆ ಕೆಸರು ತೊಳೆದು ಹಗಲಿನ ಬೆಳಕಿನಲ್ಲಿ ನಿಧಾನವಾಗಿ ನೋಡಿ. ಬಿಳಿ ಹಿಟ್ಟಿನಂತಹ ಗುಪ್ಪೆ ಕಂಡರೆ ಅದರ ಕೆಳಗೆ ಲೋಹ ತಿಂದುಹೋಗಿರುತ್ತದೆ. ಹಿಟ್ಟನ್ನು ಕೆರೆದು ದಬ್ಬಳದ ಮೊನೆಯಿಂದ ಒತ್ತಿ ನೋಡಿ. ಇಂತಹ ದೋಣಿಗಳ ತಗಡು ಸಾಮಾನ್ಯವಾಗಿ 1.2ರಿಂದ 1.6 ಮಿಲಿಮೀಟರ್ ದಪ್ಪವಷ್ಟೇ ಇರುತ್ತದೆ. ಅರ್ಧದಷ್ಟು ತಿಂದಿದ್ದರೂ ಮೊನೆಗೆ ಅದು ತಿಳಿಯುತ್ತದೆ. ನಾನು ದುರಸ್ತಿ ಮಾಡಿದ ಒಂದು ದೋಣಿಯ ತಳದಲ್ಲಿ ಅಚ್ಚುಕಟ್ಟಾದ ದುಂಡು ತೂತು ಇತ್ತು. ಅದರ ಅಂಚಿನಲ್ಲಿ ಒಂದು ತಾಮ್ರದ ನಾಣ್ಯ ಕೆಸರಿನಲ್ಲಿ ಹೂತಿತ್ತು. ಯಾರದೋ ಜೇಬಿನಿಂದ ಬಿದ್ದ ನಾಣ್ಯ, ಒದ್ದೆ ಕೆಸರು, ಅಲ್ಯೂಮಿನಿಯಂ ಮೂರೂ ಸೇರಿ ಬ್ಯಾಟರಿಯಂತೆ ಕೆಲಸ ಮಾಡಿದ್ದವು. ಆ ಬ್ಯಾಟರಿಯಲ್ಲಿ ಕರಗುವ ಸರದಿ ಯಾವಾಗಲೂ ಅಲ್ಯೂಮಿನಿಯಂನದು. ಮೀನುಗಾಳದ ಸೀಸದ ಗುಂಡು, ಹಿತ್ತಾಳೆಯ ಸ್ಕ್ರೂ, ತಾಮ್ರದ ವೈರಿನ ಚೂರು ಕೂಡ ಇದನ್ನೇ ಮಾಡುತ್ತವೆ. ಕಂಡಲ್ಲಿ ಆರಿಸಿ ತೆಗೆಯಿರಿ.

ಕೈಬಿಡಬೇಕಾದ ದೋಣಿ ಯಾವುದು ಎಂಬುದೂ ಈ ಹಂತದಲ್ಲೇ ಗೊತ್ತಾಗುತ್ತದೆ. ತಳದ ನಟ್ಟನಡುವೆ ಉದ್ದಕ್ಕೆ ಓಡುವ ಕೀಲ್ ಮುರಿದಿದ್ದರೆ, ಅಡ್ಡಪಕ್ಕೆಗಳು ಮೂರು ನಾಲ್ಕು ಕಡೆ ಸೀಳಿದ್ದರೆ, ಕೊರೆದ ಗುಳಿಗಳು ತಳದ ತುಂಬ ಹರಡಿದ್ದರೆ, ಅದಕ್ಕೆ ಶ್ರಮ ಹಾಕಬೇಡಿ. ಕೊಳೆತ ಮರ, ನೀರು ಕುಡಿದ ಫೋಮ್, ಸಡಿಲ ರಿವೆಟ್, ಒಂದೆರಡು ಬಿರುಕು, ತಗ್ಗುಬಿದ್ದ ತಗಡು ಇವೆಲ್ಲ ಸರಿಹೋಗುವಂಥವು.

ಈಗ ಸೋರಿಕೆ ಹುಡುಕೋಣ. ನೀರನ್ನು ಒಳಗೆ ತುಂಬಿ ಹೊರಗಿನಿಂದ ನೋಡುವುದು ಎಲ್ಲಕ್ಕಿಂತ ಖಚಿತವಾದ ವಿಧಾನ. ಆದರೆ ನೀರಿನ ಭಾರವನ್ನು ಮರೆಯಬಾರದು. ನಿಮ್ಮ ಅಳತೆಯ ದೋಣಿಯಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದು ಸುಮಾರು 300 ಕಿಲೋಗ್ರಾಂ. ನೀರಿನ ಮೇಲೆ ತೇಲುವಾಗ ಒಡಲಿಗೆ ಎಲ್ಲ ಕಡೆಯಿಂದಲೂ ಆಸರೆ ಇರುತ್ತದೆ, ಎರಡು ಸ್ಟ್ಯಾಂಡುಗಳ ಮೇಲೆ ಕೂತಾಗ ಇರುವುದಿಲ್ಲ. ಕೀಲ್ ಉದ್ದಕ್ಕೂ ಮರದ ತೊಲೆ ಕೊಟ್ಟು, ಪಕ್ಕಗಳಿಗೂ ಆನಿಕೆ ಇಟ್ಟು, ಮೊದಲು ನಾಲ್ಕೈದು ಸೆಂಟಿಮೀಟರ್ ಮಾತ್ರ ತುಂಬಿ. ಮೇಲಿನ ಸಾಲುಗಳನ್ನು ನೋಡಲು ದೋಣಿಯನ್ನು ಸ್ವಲ್ಪ ವಾಲಿಸಿ ಅದೇ ನೀರನ್ನು ಬಳಸಿ. ಹೊರಮೈ ಪೂರ್ತಿ ಒಣಗಿರಲಿ. ಮೇಣದ ಬಳಪ ಹಿಡಿದು ಕೆಳಗೆ ಕೂತು, ಹನಿ ಮೂಡಿದ ಪ್ರತಿ ರಿವೆಟ್ ಸುತ್ತ ಗೆರೆ ಎಳೆಯಿರಿ. ಹನಿ ಹರಿದು ಬೇರೆಡೆ ತೊಟ್ಟಿಕ್ಕುತ್ತದೆ, ಆದ್ದರಿಂದ ಒರೆಸಿ ಮತ್ತೆ ಮೊದಲು ಎಲ್ಲಿ ಮೂಡುತ್ತದೆ ಎಂದು ನೋಡಿ. ಅವಸರ ಮಾಡಬೇಡಿ, ಕೆಲವು ರಿವೆಟ್‌ಗಳು ಬೆವರಲು ಒಂದು ಗಂಟೆ ಹಿಡಿಯುತ್ತವೆ. ಕೊನೆಗೆ ಬಳಪದ ಗುರುತುಗಳನ್ನು ಕಾಗದದ ಮೇಲೆ ನಕ್ಷೆಯಾಗಿ ಬರೆದಿಟ್ಟುಕೊಳ್ಳಿ. ತೊಳೆದಾಗ ಗುರುತು ಅಳಿಸಿಹೋಗುತ್ತದೆ, ಮುಂದೆ ಅದೇ ನಕ್ಷೆ ಮತ್ತೆ ಮತ್ತೆ ಬೇಕಾಗುತ್ತದೆ. ಗುರುತುಗಳು ಚದುರಿದ್ದರೆ ಹಳೆತನ. ಒಂದೇ ಕಡೆ ಗುಂಪಾಗಿದ್ದರೆ ಅಲ್ಲಿ ಒಡಲು ಅಲುಗುತ್ತಿದೆ ಎಂದರ್ಥ. ಆ ಜಾಗದ ಪಕ್ಕೆಯನ್ನೂ ಜೋಡಣೆಯನ್ನೂ ಮತ್ತೊಮ್ಮೆ ಪರೀಕ್ಷಿಸಿ.

ರಿವೆಟ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ದೋಣಿಯ ಪ್ರಾಣ ಇರುವುದು ಅಲ್ಲೇ. ತೆಳು ತಗಡನ್ನು ಸಾಲು ರಿವೆಟ್‌ಗಳಿಂದ ಕೂಡಿಸುವ ಈ ವಿದ್ಯೆ ವಿಮಾನದ ಕಾರ್ಖಾನೆಯಲ್ಲಿ ಪಳಗಿದ್ದು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಅಮೆರಿಕದ ಗ್ರಮ್ಮನ್ ವಿಮಾನ ಕಂಪನಿಯೇ ಅಲ್ಯೂಮಿನಿಯಂ ಕನೂಗಳನ್ನು, ಅಂದರೆ ಕಿರಿದಾದ ಹುಟ್ಟುದೋಣಿಗಳನ್ನು, ಮಾಡತೊಡಗಿತು. ಹಾಗಾಗಿ ದುರಸ್ತಿಯ ಶಿಸ್ತೂ ವಿಮಾನದ್ದೇ. ಗಟ್ಟಿ ರಿವೆಟ್ ಎಂದರೆ ತುಂಬುಮೈಯ ಮೊಳೆ. ಹೊರಗೆ ಅದರ ದುಂಡುತಲೆ ಇರುತ್ತದೆ. ಒಳತುದಿಯನ್ನು ಬಡಿದು ಬಿಲ್ಲೆಯಂತೆ ಚಪ್ಪಟೆ ಮಾಡಿರುತ್ತಾರೆ. ಬಡಿಯುವಾಗ ಮೊಳೆಯ ಮೈ ಉಬ್ಬಿ ತೂತನ್ನು ಪೂರ್ತಿ ತುಂಬುತ್ತದೆ. ನೀರನ್ನು ತಡೆಯುವುದು ಆ ಉಬ್ಬು. ವರ್ಷಗಳ ಅಲುಗಾಟದಲ್ಲಿ ಅದು ಸವೆದಾಗ ರಿವೆಟ್ ತೂತಿನಲ್ಲಿ ತಿರುಗತೊಡಗುತ್ತದೆ, ತಲೆಯ ಸುತ್ತ ಕಪ್ಪು ಉಂಗುರ ಮೂಡುತ್ತದೆ.

ಇದನ್ನು ಹೆಚ್ಚಾಗಿ ಮರುಬಡಿತದಿಂದಲೇ ಬಿಗಿಯಬಹುದು. ಇಬ್ಬರು ಬೇಕು. ಒಬ್ಬರು ಹೊರಗಿನ ದುಂಡುತಲೆಗೆ ಭಾರವಾದ ಉಕ್ಕಿನ ತುಂಡನ್ನು ಅದುಮಿ ಹಿಡಿಯಬೇಕು, ಕಮ್ಮಾರನ ಅಡಿಗಲ್ಲಿನಂತೆ. ತಲೆಯ ಆಕಾರಕ್ಕೆ ಹೊಂದುವ ಸಣ್ಣ ಕುಳಿ ಆ ತುಂಡಿನಲ್ಲಿದ್ದರೆ ತಲೆ ಚಪ್ಪಟೆಯಾಗುವುದಿಲ್ಲ. ಇನ್ನೊಬ್ಬರು ಒಳಗಿನ ಬಿಲ್ಲೆಯ ಮೇಲೆ ಸುತ್ತಿಗೆಯಿಂದ ಮೂರು ನಾಲ್ಕು ಚುರುಕು ಪೆಟ್ಟು ಕೊಡಬೇಕು. ಸಡಿಲವಿದ್ದಾಗ ಸದ್ದು ಒಡಕಲಾಗಿರುತ್ತದೆ, ಕೂತ ಮೇಲೆ ಗಟ್ಟಿಯಾಗಿ ಕೇಳುತ್ತದೆ. ಕಿವಿಗೆ ಇದು ಬೇಗ ರೂಢಿಯಾಗುತ್ತದೆ. ಕೂತ ಕೂಡಲೇ ನಿಲ್ಲಿಸಿ. ಅತಿಯಾಗಿ ಬಡಿದರೆ ಬಿಲ್ಲೆಯ ಅಂಚು ಸೀಳುತ್ತದೆ, ಸುತ್ತಲಿನ ತಗಡು ಹಿಗ್ಗಿ ಪಕ್ಕದ ರಿವೆಟ್ ಸಡಿಲವಾಗುತ್ತದೆ. ಸೋರದ ರಿವೆಟ್‌ಗಳನ್ನು ಮುಟ್ಟಲೇಬೇಡಿ.

ತಲೆ ಸವೆದಿದ್ದರೆ ಅಥವಾ ಬಡಿದರೂ ಬಿಗಿಯದಿದ್ದರೆ ಬದಲಾಯಿಸಬೇಕು. ತಲೆಯ ನಡುವೆ ಚುಕ್ಕೆ ಹೊಡೆದು, ಮೊಳೆಯ ದಪ್ಪದ್ದೇ ಡ್ರಿಲ್‌ನಿಂದ ತಲೆಯಷ್ಟನ್ನೇ ಕೊರೆದು ಹಾರಿಸಿ, ಉಳಿದದ್ದನ್ನು ಪಂಚಿನಿಂದ ಹೊರದೂಡಿ. ತಗಡಿನೊಳಗೆ ಡ್ರಿಲ್ ಇಳಿಸಿದರೆ ತೂತು ಅಂಡಾಕಾರವಾಗುತ್ತದೆ. ಆಗ ಒಂದು ಅಳತೆ ದಪ್ಪದ ರಿವೆಟ್ ಹಾಕದೆ ವಿಧಿಯಿಲ್ಲ. ಹೊಸ ಗಟ್ಟಿ ರಿವೆಟ್ ಒಳಗಡೆ ತನ್ನ ದಪ್ಪದ ಒಂದೂವರೆ ಪಟ್ಟು ಚಾಚಿರಬೇಕು. 5 ಮಿಲಿಮೀಟರ್ ರಿವೆಟ್ ಆದರೆ ಏಳೂವರೆ ಮಿಲಿಮೀಟರ್. ಬಡಿದ ಮೇಲೆ ಬಿಲ್ಲೆಯ ಅಗಲವೂ ಸುಮಾರು ಅಷ್ಟೇ, ಎತ್ತರ ದಪ್ಪದ ಅರ್ಧ. ಕೂರಿಸುವ ಮುನ್ನ ತೂತಿಗೆ ಪಾಲಿಯುರೆಥೇನ್ ಮರೀನ್ ಸೀಲಂಟ್ (ದೋಣಿಗಳ ಸಂದು ಮುಚ್ಚುವ ಅಂಟು) ಒಂದು ಹನಿ ಹಾಕಿ.

ಆಸನದ ಕೆಳಗೆ ಒಳಗಿನಿಂದ ಕೈ ಹೋಗದ ಕಡೆ ಮಾತ್ರ, ನಡುವಿನ ಕಡ್ಡಿಯನ್ನು ಹೊರಗಿನಿಂದಲೇ ಎಳೆದು ಬಿಗಿಯುವ ಪಾಪ್ ರಿವೆಟ್ ಬಳಸಬಹುದು. ಆದರೆ ಸಾಮಾನ್ಯ ಪಾಪ್ ರಿವೆಟ್‌ನ ನಡುವೆ ತೂತು ಉಳಿಯುತ್ತದೆ, ಒಳಗೆ ಸಿಕ್ಕ ಉಕ್ಕಿನ ಕಡ್ಡಿ ತುಕ್ಕು ಹಿಡಿಯುತ್ತದೆ. ತುದಿ ಮುಚ್ಚಿದ, ಮೈಯೂ ಕಡ್ಡಿಯೂ ಅಲ್ಯೂಮಿನಿಯಂದೇ ಆದ ಬಗೆಯನ್ನು ಕೇಳಿ ತನ್ನಿ.

ರಿವೆಟ್‌ಗಳೆಲ್ಲ ಬಿಗಿಯಾದ ಮೇಲೆ ಮತ್ತೆ ನೀರು ತುಂಬಿ ನಕ್ಷೆಯೊಂದಿಗೆ ಹೋಲಿಸಿ. ಮುಕ್ಕಾಲು ಪಾಲು ಗುರುತುಗಳು ಒಣಗಿದ್ದರೆ ಕೆಲಸ ಸರಿದಾರಿಯಲ್ಲಿದೆ. ತಗಡಿನ ಮೇಲೆ ತಗಡು ಕೂತ ಜೋಡಣೆಯ ಗೆರೆಯಿಂದ ಜಿನುಗುವುದು ಉಳಿದಿದ್ದರೆ, ಎಪಾಕ್ಸಿಗೆ ಈಗ ಸ್ಥಾನವಿದೆ. ಗಟ್ಟಿಯಾದ ಮೇಲೂ ಸ್ವಲ್ಪ ಬಾಗುವ, ಲೋಹಕ್ಕೆಂದೇ ತಯಾರಿಸಿದ ಎಪಾಕ್ಸಿ ಬೇಕು. ಗಾಜಿನಂತೆ ಗಡಸಾಗುವುದು ಬೇಡ. ಜೋಡಣೆ ಒಳಗೆಲ್ಲ ಒಣಗಿರಬೇಕು. ತಗಡನ್ನು ಬಿಸಿಗಾಳಿಯಿಂದ ಕೈ ತಾಳುವಷ್ಟು ಬೆಚ್ಚಗೆ ಮಾಡಿ ಬಳಿದರೆ ಎಪಾಕ್ಸಿ ತೆಳುವಾಗಿ ಸಂದಿನೊಳಕ್ಕೆ ತಾನೇ ಇಳಿಯುತ್ತದೆ. ಮೊದಲ ಪದರ ಹಸಿಯಿರುವಾಗಲೇ ಅದರ ಮೇಲೆ ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಿ. ಉಜ್ಜಿದಾಗ ತೆರೆದುಕೊಂಡ ಹೊಸ ಲೋಹಕ್ಕೆ ಗಾಳಿಗಿಂತ ಮೊದಲು ಎಪಾಕ್ಸಿ ತಾಗುತ್ತದೆ, ಆಕ್ಸೈಡ್ ಪೊರೆ ನಡುವೆ ಬರುವುದಿಲ್ಲ, ಹಿಡಿತ ಬಹಳ ಗಟ್ಟಿಯಾಗುತ್ತದೆ. ಇಷ್ಟು ಮಾಡಲು ಅಡ್ಡಿಯಾಗುವುದು ಆ ಹಳೆಯ ಸಿಲಿಕೋನ್. ಅದರ ಮೇಲೆ ಎಪಾಕ್ಸಿಯಾಗಲಿ ಬಣ್ಣವಾಗಲಿ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಕೆರೆತದಿಂದ ಕೆರೆದು, ಸಿಲಿಕೋನ್ ಕರಗಿಸುವ ದ್ರಾವಣದಿಂದ ಒರೆಸಿ, ಬಟ್ಟೆ ಬದಲಾಯಿಸುತ್ತ ಮತ್ತೆ ಮತ್ತೆ ಒರೆಸಿ. ಬೇಸರದ ಕೆಲಸ, ಆದರೆ ಇಲ್ಲಿ ಅಡ್ಡದಾರಿ ಇಲ್ಲ. ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ. ಅದು ಕೂತಿದ್ದ ಜಾಗಗಳಲ್ಲಿ ಗುಳಿ ಬಿದ್ದಿದೆಯೇ ನೋಡಿ.

ಇನ್ನು ಬಿರುಕು. ಆಸನ ಪಕ್ಕಕ್ಕೆ ಸೇರುವ ಜಾಗದಲ್ಲಿ ಬಿರುಕು ಬಿಟ್ಟಿದೆ ಎಂದು ಬರೆದಿದ್ದೀರಿ. ಗಟ್ಟಿಯಾದ ಭಾಗ ತೆಳು ಭಾಗಕ್ಕೆ ಸೇರುವ ಕಡೆಯೇ ತಗಡು ಬಾಗಿ ಬಾಗಿ ದಣಿಯುವುದು. ಮೊದಲು ಆಸನದ ಕೋನಪಟ್ಟಿ ಸಡಿಲವಾಗಿದೆಯೇ, ದೋಣಿಯನ್ನು ಹೊತ್ತೊಯ್ಯುವ ಟ್ರೇಲರ್‌ನ ಆಸರೆ ಅಲ್ಲಿ ಒತ್ತುತ್ತಿದೆಯೇ ನೋಡಿ ಅದನ್ನು ಸರಿಪಡಿಸಿ. ಅನಂತರ ಬಿರುಕಿನ ಎರಡೂ ತುದಿಗಳನ್ನು ಭೂತಗನ್ನಡಿಯಿಂದ ಹುಡುಕಿ, ತುದಿಯಲ್ಲಿ 3 ಮಿಲಿಮೀಟರ್ ತೂತು ಕೊರೆಯಿರಿ. ಬಿರುಕು ಮುಂದೆ ಓಡುವುದು ಅದರ ಮೊನಚಿನಿಂದ. ದುಂಡಾದ ಅಂಚು ಸಿಕ್ಕರೆ ಅದು ಅಲ್ಲಿ ನಿಲ್ಲುತ್ತದೆ. ಅದರ ಮೇಲೆ ತೇಪೆ ಹಾಕಿ. ದೋಣಿಗಳಿಗೆ ಸಾಮಾನ್ಯವಾಗಿ ಬಳಸುವ 5052 ಮಿಶ್ರಲೋಹದ ತಗಡು, ಮೂಲದಷ್ಟೇ ದಪ್ಪ, ಮೂಲೆಗಳು ದುಂಡಗೆ, ಬಿರುಕಿನಿಂದ ಎಲ್ಲ ಕಡೆ ನಾಲ್ಕೈದು ಸೆಂಟಿಮೀಟರ್ ಆಚೆಗೆ. ತೇಪೆಯ ಅಡಿಗೆ ಸೀಲಂಟ್ ಧಾರಾಳವಾಗಿ ಹರಡಿ, ಅಂಚಿನಿಂದ ರಿವೆಟ್ ದಪ್ಪದ ಎರಡು ಪಟ್ಟಾದರೂ ಒಳಗೆ ರಿವೆಟ್ ಸಾಲು ಬರಲಿ.

ವೆಲ್ಡಿಂಗ್ ಏಕೆ ಬೇಡ ಎಂದು ಕೇಳುತ್ತೀರಿ. ಒಳ್ಳೆಯ ಕೈಯಲ್ಲಿ, ದಪ್ಪ ತಗಡಿನ ಬೆಸುಗೆ ದೋಣಿಗೆ ಅದೇ ಸರಿಯಾದ ದುರಸ್ತಿ. ನಿಮ್ಮದು ತೆಳು ತಗಡು. ಅದರ ಬಲದ ಬಹುಭಾಗ ಬಂದಿರುವುದು ಕಾರ್ಖಾನೆಯಲ್ಲಿ ತಣ್ಣಗೆ ಉರುಳೆಗಳ ನಡುವೆ ಒತ್ತಿದ್ದರಿಂದ. ಬೆಸುಗೆಯ ಶಾಖಕ್ಕೆ ಆ ಬಿಗುವು ಕರಗಿ, ಬಾಗದೆ ತಾಳುವ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹೊಸ ಬಿರುಕು ಬೆಸುಗೆಯ ಪಕ್ಕದಲ್ಲೇ ಏಳುತ್ತದೆ. ಮೇಲಿನ ಆಕ್ಸೈಡ್ ಕರಗಲು 2000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು. ಅದರ ಕೆಳಗಿನ ಲೋಹ ಸುಮಾರು 600ರಿಂದ 650 ಡಿಗ್ರಿಯಲ್ಲೇ ನೀರಾಗುತ್ತದೆ. ಉಕ್ಕಿನಂತೆ ಕೆಂಪಗೆ ಕಾದು ಎಚ್ಚರಿಸುವುದೂ ಇಲ್ಲ. ಜೋಡಣೆಯೊಳಗೆ ಹಳೆಯ ಸೀಲಂಟ್, ಎಣ್ಣೆ, ಉಪ್ಪು ಇದ್ದರೆ ಬೆಸುಗೆ ತುಂಬ ಗುಳ್ಳೆ. ಹತ್ತಿರದ ರಿವೆಟ್‌ಗಳು ಸಡಿಲವಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಆಸನದೊಳಗೆ ಪಾಲಿಯುರೆಥೇನ್ ಫೋಮ್ ಇದ್ದಾಗ ಶಾಖ ತಾಗಿದರೆ ಸಯನೈಡ್ ಸೇರಿದ ವಿಷದ ಹೊಗೆ ಏಳುತ್ತದೆ. ಗ್ಯಾಸ್ ಬರ್ನರ್‌ನಿಂದ ಕರಗಿಸಿ ಹಚ್ಚುವ ಸತುವಿನ ಕಡ್ಡಿಗಳನ್ನೂ ದೋಣಿಯ ಒಡಲಿಗೆ ಬಳಸಬೇಡಿ; ಪ್ರದರ್ಶನದಲ್ಲಿ ಚಂದ ಕಾಣುವ ಆ ಬೆಸುಗೆ ಅಲುಗಾಟವನ್ನು ತಾಳುವುದಿಲ್ಲ.

ಟ್ರಾನ್ಸಮ್, ಅಂದರೆ ಮೋಟಾರು ಕೂರುವ ಹಿಂಬದಿಯ ಅಡ್ಡಗೋಡೆ, ನಿಮ್ಮ ದೋಣಿಯ ಅತ್ಯಂತ ಅಪಾಯದ ಭಾಗ. ಸೋರಿಕೆ ನಿಮ್ಮನ್ನು ಒದ್ದೆ ಮಾಡುತ್ತದೆ, ಆದರೆ ಕೊಳೆತ ಟ್ರಾನ್ಸಮ್ ಓಡುವ ಮೋಟಾರನ್ನೇ ಕಳಚಿಬಿಡಬಹುದು. ಅದನ್ನು ಸರಿಮಾಡುವ ತನಕ ಮೋಟಾರು ಕಟ್ಟಲೇಬೇಡಿ. ಹಳೆಯ ಮರವನ್ನು ಆದಷ್ಟು ಇಡಿಯಾಗಿ ಹೊರತೆಗೆದು ಅದರ ಅಂಚನ್ನು ಹೊಸ ಹಲಗೆಯ ಮೇಲೆ ಗೆರೆ ಎಳೆಯಿರಿ. ದಪ್ಪವನ್ನು ಕೊಳೆಯದ ಜಾಗದಲ್ಲಿ ಅಳೆಯಿರಿ. ಎರಡು 18 ಮಿಲಿಮೀಟರ್ ಮರೀನ್ ಪ್ಲೈವುಡ್‌ಗಳನ್ನು ಎಪಾಕ್ಸಿಯಿಂದ ಕೂಡಿಸಿದರೆ 36 ಮಿಲಿಮೀಟರ್ ಆಗುತ್ತದೆ. ಸಣ್ಣ ಮೋಟಾರುಗಳ ಕ್ಲಾಂಪಿಗೆ ಅದು ಸಾಮಾನ್ಯವಾಗಿ ಹೊಂದುತ್ತದೆ. ಮರೀನ್ ಪ್ಲೈವುಡ್‌ನ ಬ್ರಿಟಿಷ್ ಮಾನದಂಡವಾದ ಬಿಎಸ್ 1088 ದರ್ಜೆಯದಾದರೆ ಒಳಪದರಗಳಲ್ಲಿ ಟೊಳ್ಳು ಇರುವುದಿಲ್ಲ ಎಂಬ ನೆಮ್ಮದಿ. ಎಲ್ಲ ಮುಖಗಳಿಗೂ ಮೂರು ಕೋಟ್ ಎಪಾಕ್ಸಿ ಬೇಕು, ಕೊಯ್ದ ಅಂಚುಗಳಿಗೆ ಇನ್ನೂ ಹೆಚ್ಚು, ಏಕೆಂದರೆ ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ.

ಬೋಲ್ಟಿನ ತೂತುಗಳಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಕೋಟ್ ಮಾಡಿದ ಹಲಗೆಗೆ ನೇರವಾಗಿ ತೂತು ಕೊರೆದರೆ ಹಸಿ ಮರ ಮತ್ತೆ ತೆರೆದುಕೊಳ್ಳುತ್ತದೆ. 8 ಮಿಲಿಮೀಟರ್ ಬೋಲ್ಟಿಗೆ 12 ಮಿಲಿಮೀಟರ್ ತೂತು ಕೊರೆದು, ಅದನ್ನು ದಪ್ಪ ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ 8 ಮಿಲಿಮೀಟರ್ ತೂತು ಕೊರೆಯಿರಿ. ಬೋಲ್ಟ್ ಸುತ್ತ ಆಗ ಎಪಾಕ್ಸಿಯ ಕೊಳವೆಯೇ ಇರುತ್ತದೆ. ಹಲಗೆಯ ತಳ ಲೋಹದ ಮೇಲೆ ನೇರ ಕೂರದೆ ಸ್ವಲ್ಪ ಮೇಲಿರಲಿ, ನುಗ್ಗಿದ ನೀರು ಹರಿದುಹೋಗಲಿ. ತಾಮ್ರದ ಲವಣ ಸೇರಿಸಿ ಸಂಸ್ಕರಿಸಿದ, ಹಸಿರು ಛಾಯೆಯ ಮರವನ್ನು ಮಾತ್ರ ಇಲ್ಲಿಗಾಗಲಿ ನೆಲಕ್ಕಾಗಲಿ ತರಬೇಡಿ. ಕೊಳೆಯದ ಮರ ಎಂದು ಆಸೆಪಟ್ಟು ಹಾಕಿದವರ ದೋಣಿಯಲ್ಲಿ ಅದು ತಾಗಿದ ಕಡೆಯೆಲ್ಲ ತಗಡು ಜರಡಿಯಾದದ್ದನ್ನು ನಾನು ನೋಡಿದ್ದೇನೆ. ಮೋಟಾರಿನ ವಿಷಯದಲ್ಲಿ, ದೋಣಿಯ ಸಾಮರ್ಥ್ಯದ ಫಲಕ ಇದ್ದರೆ ಅದರಲ್ಲಿರುವ ಗರಿಷ್ಠ ಅಶ್ವಶಕ್ತಿಯನ್ನು ಮೀರಬೇಡಿ. ಟ್ರಾನ್ಸಮ್ ಎತ್ತರ ಸುಮಾರು 15 ಅಂಗುಲವಿದ್ದರೆ ಗಿಡ್ಡ ಶಾಫ್ಟಿನ ಮೋಟಾರು, 20 ಅಂಗುಲವಿದ್ದರೆ ಉದ್ದ ಶಾಫ್ಟಿನದು ಎಂಬುದನ್ನೂ ಕೊಳ್ಳುವ ಮುನ್ನ ಅಳೆದುಕೊಳ್ಳಿ.

ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವಾಗಿರಲಿ. ಸ್ಟೇನ್‌ಲೆಸ್ ಕೂಡ ಬೇರೆ ಲೋಹವೇ ಅಲ್ಲವೇ ಎಂದರೆ, ಹೌದು. ಆದರೆ ಸಣ್ಣ ಬೋಲ್ಟ್, ದೊಡ್ಡ ಅಲ್ಯೂಮಿನಿಯಂ ಹಾಳೆ ಎಂಬ ಅನುಪಾತದಲ್ಲಿ ಕೊರೆತ ನಿಧಾನ. ಅದು ತಿರುವುಮುರುವಾದರೆ, ಅಂದರೆ ದೊಡ್ಡ ಸ್ಟೇನ್‌ಲೆಸ್ ಹಾಳೆಗೆ ಅಲ್ಯೂಮಿನಿಯಂ ರಿವೆಟ್ ಹೊಡೆದರೆ, ರಿವೆಟ್ ಬೇಗನೆ ಕರಗಿಹೋಗುತ್ತದೆ. ಬೋಲ್ಟಿಗೆ ಪ್ಲಾಸ್ಟಿಕ್ ವಾಷರ್ ಕೊಟ್ಟು, ಸೀಲಂಟ್ ಸವರಿ ಕೂರಿಸಿದರೆ ಲೋಹಕ್ಕೆ ಲೋಹ ತಾಗುವುದೂ ತಪ್ಪುತ್ತದೆ.

ಆಸನದೊಳಗಿನ ಫೋಮ್ ತುಂಡೊಂದನ್ನು ಹೊರತೆಗೆದು ಕೈಯಲ್ಲಿ ತೂಗಿ ನೋಡಿ. ಒಣ ಫೋಮ್ ಗಾಳಿಯಷ್ಟು ಹಗುರ. ಹಿಂಡಿದರೆ ನೀರು ಸುರಿಯುವಂತಿದ್ದರೆ ಅದನ್ನೆಲ್ಲ ತೆಗೆಯಲೇಬೇಕು. ಆದರೆ ತೆಗೆದು ಖಾಲಿ ಬಿಡುವಂತಿಲ್ಲ. ದೋಣಿಯಲ್ಲಿ ನೀರು ತುಂಬಿದಾಗ ಅದನ್ನು ತೇಲಿಸುವುದು ಅದೊಂದೇ. ಲೆಕ್ಕ ಸರಳವಾಗಿದೆ. 80 ಕಿಲೋಗ್ರಾಂ ಅಲ್ಯೂಮಿನಿಯಂ ಒಡಲು ನೀರಿನಲ್ಲಿ ಮುಳುಗಿದಾಗ ಸುಮಾರು 50 ಕಿಲೋಗ್ರಾಂ ತೂಗುತ್ತದೆ. ಮೋಟಾರಿಗೆ 40 ಎಂದಿಟ್ಟುಕೊಳ್ಳಿ. 10 ಲೀಟರ್ ಫೋಮ್ ಒಂಬತ್ತೂವರೆ ಕಿಲೋಗ್ರಾಂನಷ್ಟು ಎತ್ತಿಹಿಡಿಯುತ್ತದೆ. ಅಂದರೆ ಒಡಲು ಮತ್ತು ಮೋಟಾರಿಗೇ 95 ಲೀಟರ್ ಬೇಕು. ಬ್ಯಾಟರಿ, ಸಾಮಾನು ಮತ್ತು ಅದನ್ನು ಹಿಡಿದು ತೇಲುವ ಜನರಿಗೆ ಅದರ ಮೇಲೆ. ಹಾಗಾಗಿ ಮೂಲದಲ್ಲಿ ಇದ್ದಷ್ಟಕ್ಕಿಂತ ಕಡಿಮೆ ತುಂಬಬೇಡಿ. ಆದಷ್ಟೂ ಎತ್ತರದಲ್ಲಿ, ಎರಡೂ ಪಕ್ಕಗಳ ಕಡೆಗೆ ಇಡಿ. ಎಲ್ಲವೂ ತಳದಲ್ಲೇ ಇದ್ದರೆ ನೀರು ತುಂಬಿದ ದೋಣಿ ಮಗುಚಿಕೊಳ್ಳುತ್ತದೆ. ಮುಚ್ಚಿದ ಕಣಗಳ ಪಾಲಿಸ್ಟೈರೀನ್ ಹಲಗೆಗಳು ನೀರು ಕುಡಿಯುವುದು ಬಹಳ ಕಡಿಮೆ, ಆದರೆ ಪೆಟ್ರೋಲ್ ತಾಗಿದರೆ ಕರಗಿಬಿಡುತ್ತವೆ. ಇಂಧನದ ಡಬ್ಬಿ ಇಡುವ ಕಡೆ ಅವು ಬೇಡ. ಫೋಮ್ ಮತ್ತು ತಗಡಿನ ನಡುವೆ ನೀರು ಹರಿಯಲು ಸಂದು ಬಿಡಿ.

ನೆಲಕ್ಕೆ ಕಾರ್ಪೆಟ್ ಬೇಡ ಎಂದು ಬೇಡಿಕೊಳ್ಳುತ್ತೇನೆ. ಒದ್ದೆ ಬಟ್ಟೆಯನ್ನು ಲೋಹದ ಮೇಲೆ ವರ್ಷವಿಡೀ ಹಾಸಿಟ್ಟಂತೆ ಅದು. ಬಣ್ಣದ ಜತೆ ಮರಳು ಬೆರೆಸಿದ, ಸುಲಭವಾಗಿ ಎತ್ತಬಹುದಾದ ಹಲಗೆಗಳಿದ್ದರೆ ತಳವನ್ನು ಆಗಾಗ ತೊಳೆಯಬಹುದು. ವಿದ್ಯುತ್ ಹಾಕುವುದಾದರೆ ಒಡಲನ್ನು ಎಂದಿಗೂ ನೆಗೆಟಿವ್ ತಂತಿಯಂತೆ ಬಳಸಬೇಡಿ; ಪ್ರತಿ ದೀಪಕ್ಕೂ ಎರಡು ತಂತಿ ಬ್ಯಾಟರಿಯವರೆಗೆ ಬರಲಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ದೋಣಿಯನ್ನು ದಿನಗಟ್ಟಲೆ ನೀರಿನಲ್ಲೇ ಬಿಡುವುದಾದರೆ ತನ್ನನ್ನೇ ಕರಗಿಸಿಕೊಂಡು ಒಡಲನ್ನು ಕಾಯುವ, ಆನೋಡ್ ಎಂಬ ಲೋಹದ ತುಂಡು ಬೇಕಾಗುತ್ತದೆ. ಸಿಹಿನೀರಿಗೆ ಮೆಗ್ನೀಸಿಯಂ, ಉಪ್ಪುನೀರಿಗೆ ಅಲ್ಯೂಮಿನಿಯಂ ಆನೋಡ್ ಸರಿ. ಉಪ್ಪುನೀರಿನಲ್ಲಿ ಮೆಗ್ನೀಸಿಯಂ ಹಾಕಿದರೆ ಅದರ ರಭಸಕ್ಕೆ ಬಣ್ಣವೇ ಎದ್ದುಬರುತ್ತದೆ.

ಕೊನೆಗೆ ಬಣ್ಣ. ತಳಕ್ಕೆ ಬಣ್ಣ ಬೇಕೇ ಎಂದು ಮೊದಲು ಯೋಚಿಸಿ. ಬಳಸಿದ ದಿನವೇ ನೀರಿನಿಂದ ಮೇಲೆತ್ತುವ ದೋಣಿಗೆ ಬರಿ ಲೋಹವೇ ಸಾಕು, ನನ್ನ ಆಯ್ಕೆ ಅದೇ. ಹೊರಪಕ್ಕಕ್ಕೂ ಒಳಗಡೆಗೂ ಹೊಡೆಯಿರಿ. ಒಳಗೆ ಬಿಸಿಲು ಕಣ್ಣಿಗೆ ರಾಚದಂತೆ ಹೊಳಪಿಲ್ಲದ ತಿಳಿಬೂದು ಒಳ್ಳೆಯದು. ಹಳೆಯ ಬಣ್ಣದ ಕೆಳಗೆ ಹಳದಿ ಅಥವಾ ಹಸಿರು ಹಳದಿ ಪ್ರೈಮರ್ ಕಂಡರೆ ಅದು ಜಿಂಕ್ ಕ್ರೋಮೇಟ್ ಆಗಿರಬಹುದು, ಅದರ ಧೂಳು ಕ್ಯಾನ್ಸರ್‌ಕಾರಕ. ಅದನ್ನು ಒಣಗಿದಂತೆ ಉಜ್ಜಬೇಡಿ. ನೀರು ಹಾಕಿಕೊಂಡು, ತಕ್ಕ ಮಾಸ್ಕ್ ಧರಿಸಿ ಉಜ್ಜಿ. ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ ಇರುವ ಯಾವುದನ್ನೂ ಹಚ್ಚಬೇಡಿ, ಅದು ಅಲ್ಯೂಮಿನಿಯಂ ಅನ್ನೇ ಕರಗಿಸಿ ಹೈಡ್ರೋಜನ್ ಅನಿಲ ಬಿಡುತ್ತದೆ. ಕಪ್ಪು ಕಲೆ ತೆಗೆಯಲು ಮಾರುವ ಕೆಲವು ಹೊಳಪು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಚರ್ಮಕ್ಕೆ ಬಿದ್ದಾಗ ನೋವು ತಡವಾಗಿ ಬಂದರೂ ಒಳಗಿನ ಮೂಳೆಯವರೆಗೆ ಹಾನಿ ಮಾಡುವ ಆಮ್ಲ ಅದು. ಡಬ್ಬಿಯ ಮೇಲೆ ಆ ಹೆಸರಿದ್ದರೆ ಕೊಳ್ಳಬೇಡಿ.

ಮೊದಲು ಜಿಡ್ಡು ತೆಗೆದು ಅನಂತರ ಉಜ್ಜಬೇಕು. ತಿರುಗಿಸಿ ಮಾಡಿದರೆ ಜಿಡ್ಡನ್ನು ಗೀರುಗಳೊಳಗೆ ತುಂಬಿದಂತಾಗುತ್ತದೆ. 80ರಿಂದ 120 ನಂಬರಿನ ಉಪ್ಪುಕಾಗದ ಸಾಕು. ಸಾಮಾನ್ಯ ಉಕ್ಕಿನ ತಂತಿಬ್ರಷ್ ಬೇಡ, ಅದರ ಕಣಗಳು ಅಲ್ಯೂಮಿನಿಯಂನೊಳಗೆ ಹೂತು ಅಲ್ಲೇ ತುಕ್ಕು ಹಿಡಿಯುತ್ತವೆ. ಉಜ್ಜಿದ ಮೇಲೆ ನೀರು ಚಿಮುಕಿಸಿ ನೋಡಿ. ನೀರು ಹಾಳೆಯಂತೆ ಹರಡಿದರೆ ಮೈ ಶುದ್ಧ, ಹನಿಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ. ಒಣಗಿಸಿ, ಅಂದೇ, ಆದಷ್ಟು ಕೆಲವೇ ಗಂಟೆಗಳೊಳಗೆ ಅಲ್ಯೂಮಿನಿಯಂಗೆ ಹೊಂದುವ ಎಪಾಕ್ಸಿ ಪ್ರೈಮರ್ ಬಳಿಯಿರಿ. ಪ್ರೈಮರ್‌ನಿಂದ ಮೇಲ್ಬಣ್ಣದವರೆಗೆ ಒಂದೇ ತಯಾರಕರ ಸರಣಿಯನ್ನು ಹಿಡಿಯಿರಿ, ಬೇರೆಬೇರೆಯವರದನ್ನು ಬೆರೆಸಿದಾಗ ಒಂದನ್ನೊಂದು ಎಬ್ಬಿಸಿಬಿಡುವುದುಂಟು. ಪಾಚಿ ತಡೆಯುವ ಬಣ್ಣ ಬೇಕೆನಿಸಿದರೆ ತಾಮ್ರದ ಆಕ್ಸೈಡ್ ಇಲ್ಲದ್ದನ್ನೇ ಕೇಳಿ. ಅದಿರುವ ಬಣ್ಣ ಹಚ್ಚುವುದೆಂದರೆ ನಾನು ಕೆಸರಿನಲ್ಲಿ ಕಂಡ ಆ ತಾಮ್ರದ ನಾಣ್ಯವನ್ನು ತಳದ ತುಂಬ ಅಂಟಿಸಿದಂತೆ.

ಬಣ್ಣ ಒಣಗಿದ ಮೇಲೆ ನೆಲದ ಹಲಗೆ ಹಾಕುವ ಮೊದಲು ದೋಣಿಯನ್ನು ನೀರಿಗಿಳಿಸಿ, ದಡದ ಹತ್ತಿರವೇ, ಲೈಫ್ ಜಾಕೆಟ್ ತೊಟ್ಟು, ಮೋಟಾರಿಲ್ಲದೆ ಹುಟ್ಟು ಹಾಕಿ ಒಂದು ಗಂಟೆ ಅಡ್ಡಾಡಿ. ಟಾರ್ಚ್ ಹಿಡಿದು ಪ್ರತಿ ಪಕ್ಕೆಯ ಬುಡವನ್ನು ನೋಡಿ. ಒಂದೆರಡು ರಿವೆಟ್ ಬೆವರಿದರೆ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ. ಮೋಟಾರು ಕಟ್ಟಿ ಓಡಿಸಿದ ಮೊದಲ ಕೆಲವು ಬಾರಿಯ ನಂತರ ಟ್ರಾನ್ಸಮ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಅದೇ ನಕ್ಷೆ ಹಿಡಿದು ಇನ್ನೊಮ್ಮೆ ತಳವನ್ನು ನೋಡಿ. ನೆಲದ ಹಲಗೆಗಳನ್ನು ಅದಾದ ಮೇಲೆ ಕೂರಿಸಿದರೆ ಸಾಕು.